ತಣ್ಣಗಾಗುವ ಬಸ್ಸಿನ ತೊಂಬತ್ತು ಸೆಕೆಂಡು

ಹನ್ನೊಂದು ವರ್ಷ ನಾನು ಒಬ್ಬ ನಿರ್ದೇಶಕರ ಚಿತ್ರಗಳಿಗೆ ಸಂಗೀತವನ್ನು ಜೋಡಿಸುವ ಕೆಲಸ ಮಾಡಿದೆ. ತಮ್ಮ ಚಿತ್ರಗಳಲ್ಲಿ ಸಂಗೀತವೇ ಇರಕೂಡದೆಂಬುದು ಆ ನಿರ್ದೇಶಕರ ದೃಢವಾದ ಅಭಿಪ್ರಾಯವಾಗಿತ್ತು. ಈ ಎರಡು ವಾಕ್ಯಗಳ ನಡುವೆ ನಿಮಗೇನಾದರೂ ವಿರೋಧ ಕಂಡರೆ, ನೀವಿನ್ನೂ ಈ ವೃತ್ತಿಯನ್ನು ಸೇರಿಲ್ಲವೆಂದು ಅರ್ಥ. ಸೇರಿದ ಮೇಲೆ ಕಾಣುವುದಿಲ್ಲ.

ನಮ್ಮ ಕನ್ನಡ ಸಂಘದ ಮೂವರು ಮಕ್ಕಳು ಈ ವರ್ಷ ಧ್ವನಿ ಸಂಕಲನ ಕಲಿಯಲು ಸೇರಿದ್ದಾರೆಂದು ಕೇಳಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೂ ತಾಯಂದಿರು ಓದಿ ಹೇಳುತ್ತಾರೆಂಬ ಭರವಸೆ ನನಗಿದೆ. ನನ್ನ ಭರವಸೆಗಳ ಚರಿತ್ರೆಯನ್ನು ಮುಂದೆ ನೀವೇ ನೋಡುವಿರಿ. ಬಡ್ತಿಗಳ ವಿಚಾರವನ್ನು ಬಿಟ್ಟುಬಿಡುತ್ತೇನೆ. ನನಗೆ ಒಂದೇ ಒಂದು ಬಡ್ತಿ ಸಿಕ್ಕಿತು: ಕಿಟಕಿಯಿಲ್ಲದ ಕೋಣೆಯಿಂದ ಕಿಟಕಿಗೆ ಹಲಗೆ ಹೊಡೆದಿದ್ದ ಕೋಣೆಗೆ.

ನಾನು ಧಾರವಾಡದವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಡುಗಿಯೆಂದೇ ಹೆಸರಾಗಿದ್ದೆ. ವಿಷಯದ ಪರವಾಗಿ ನಾಲ್ಕು ನಿಮಿಷ, ವಿರೋಧವಾಗಿ ನಾಲ್ಕು ನಿಮಿಷ, ಗಂಟೆ ಬಾರಿಸಿದ ಮೇಲೆ ಇನ್ನೂ ಅರ್ಧ ನಿಮಿಷ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮುಂದಿಟ್ಟರೆ ಮನುಷ್ಯರು ಒಪ್ಪಿಕೊಳ್ಳುತ್ತಾರೆಂಬ ನಂಬಿಕೆ ನನಗೆ ಅಂಟಿಕೊಂಡದ್ದು ಅಲ್ಲಿಯೇ. ಅದು ಇನ್ನೂ ಪೂರ್ತಿ ಗುಣವಾಗಿಲ್ಲ. ಪತಿ ಸೇತುವೆಗಳ ಎಂಜಿನಿಯರು. ಅವರ ಕೆಲಸದ ನಿಮಿತ್ತ ಅಟ್ಲಾಂಟಾಕ್ಕೆ ಬಂದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಧ್ವನಿ ಸಂಕಲನ ಕಲಿತು, ಎರಡು ಸಾವಿರದ ಎಂಟರಲ್ಲಿ ಊರಂಚಿನ ನಾರ್‌ಕ್ರಾಸಿನ ಒಂದು ಸ್ಟುಡಿಯೊ ಸೇರಿದೆ. ಸ್ಟುಡಿಯೊ ಎಂದರೆ ಒಂದು ಇಂಡಿಯನ್ ದಿನಸಿ ಅಂಗಡಿಗೂ ಒಬ್ಬ ದಂತವೈದ್ಯರ ಕ್ಲಿನಿಕ್ಕಿಗೂ ನಡುವೆ ಸಿಕ್ಕಿಕೊಂಡಿದ್ದ ಉದ್ದನೆಯ ಕೋಣೆಗಳ ಸಾಲು. ಅದರ ಗೋಡೆಗಳು ಹೊರಗಿನ ಸದ್ದನ್ನು ತಡೆಯುತ್ತಿದ್ದವು. ಅಂಗಡಿಯ ಹಿಂಬದಿಯ ದೋಸೆ ಕೌಂಟರಿನ ವಾಸನೆಯನ್ನು ತಡೆಯುತ್ತಿರಲಿಲ್ಲ.

ಆ ಸಾಲಿನ ಒಂದು ಕೋಣೆಯಲ್ಲಿ ನನ್ನ ಜೊತೆ ಕೂರುತ್ತಿದ್ದವಳು ಮೈಸೂರಿನ ಶುಭಾ. ಚಿತ್ರದ ಮಾತುಗಳೆಲ್ಲ ಅವಳ ಪಾಲು, ಸಂಗೀತ ನನ್ನ ಪಾಲು. ನನಗಿಂತ ಎಂಟೇ ವರ್ಷಕ್ಕೆ ಚಿಕ್ಕವಳಾದರೂ ಮೊದಲ ದಿನವೇ ಆಂಟಿ ಎಂದಳು. ಈ ಸಂಬೋಧನೆಯ ಅನೌಚಿತ್ಯವನ್ನು ಕುರಿತು ನಾನು ಮಂಡಿಸಿದ ವಾದವನ್ನು ಪೂರ್ತಿ ಕೇಳಿಸಿಕೊಂಡು, "ಸರಿ ಆಂಟಿ" ಎಂದಳು.

ನಿರ್ದೇಶಕರ ಹೆಸರು ಲೂಸಿಯೆನ್ ಮೊರ್ವಾಲ್, ಫ್ರಾನ್ಸಿನವರು. ಚಿಕ್ಕಂದಿನಿಂದ ವಯೋಲಾ ಕಲಿತು, ಒಂದು ವಾದ್ಯವೃಂದದ ಕೊನೆಯ ಸಾಲಿನಲ್ಲಿ ಹದಿನಾಲ್ಕು ವರ್ಷ ಕುಳಿತವರು. ವಯೋಲಾ ಪಿಟೀಲಿಗಿಂತ ಒಂದಿಷ್ಟು ದೊಡ್ಡದು, ಒಂದಿಷ್ಟು ತಗ್ಗಿದ ದನಿಯದು. ಅದು ನುಡಿಯುತ್ತಿರುವಾಗ ಯಾರಿಗೂ ಗೊತ್ತಾಗುವುದಿಲ್ಲ, ನಿಂತಾಗ ಮಾತ್ರ ಏನೋ ಕಡಿಮೆಯಾದಂತೆನಿಸುತ್ತದೆ.

"ಆ ಹದಿನಾಲ್ಕು ವರ್ಷ ನಾನು ಮುಖ್ಯವಾಗಿ ಎಣಿಸಿದ್ದು ವಿರಾಮಗಳನ್ನು, ಮದಾಮ್ ದೇಸಾಯಿ," ಎಂದು ಅವರೊಮ್ಮೆ ನನಗೆ ಹೇಳಿದ್ದರು. "ನಲವತ್ತು ಎಣಿಸುವವರೆಗೆ ಸುಮ್ಮನಿರು, ಎರಡು ಸ್ವರ ನುಡಿಸು, ಮತ್ತೆ ಮೂವತ್ತು ಸುಮ್ಮನಿರು. ಸುಮ್ಮನಿರುವುದರಲ್ಲಿ ನನ್ನಷ್ಟು ಅಭ್ಯಾಸ ಮಾಡಿದವರು ಚಿತ್ರರಂಗದಲ್ಲಿ ಯಾರೂ ಇಲ್ಲ."

ಆ ಅಭ್ಯಾಸದ ಬಲದಿಂದ ಅವರು ತಮ್ಮ ದೇಶದಲ್ಲಿ ಎರಡು ಚಿತ್ರ ಮಾಡಿದರು. ಮೊದಲನೆಯದನ್ನು ವಿಮರ್ಶಕರು ಹೊಗಳಿದರು. ಎರಡನೆಯದನ್ನು ವಿಮರ್ಶಕರು ಮಾತ್ರ ನೋಡಿದರು. ಅದೇ ಸಮಯಕ್ಕೆ ನಮ್ಮ ಜಾರ್ಜಿಯಾ ರಾಜ್ಯ ಚಿತ್ರ ತಯಾರಕರಿಗೆ ತೆರಿಗೆ ರಿಯಾಯಿತಿ ಕೊಡತೊಡಗಿತ್ತು. ಕಲಾವಿದರನ್ನು ಸೆಳೆಯುವ ಶಕ್ತಿ ಪ್ಯಾರಿಸಿನಂತೆಯೇ ತೆರಿಗೆ ಕಾನೂನಿಗೂ ಇದೆಯೆಂದು ಆಗ ತಿಳಿಯಿತು. ಮೊರ್ವಾಲ್ ಅವರೊಡನೆ ನಮ್ಮ ನಿರ್ಮಾಪಕಿ ಬ್ರೆಂಡಾ ಒಂದು ಒಪ್ಪಂದ ಮಾಡಿಕೊಂಡರು. ಮೊರ್ವಾಲ್ ಟೆಲಿವಿಷನ್ನಿಗಾಗಿ ಒಂಬತ್ತು ಕ್ರಿಸ್‌ಮಸ್ ಚಿತ್ರಗಳನ್ನು ಮಾಡಿಕೊಡಬೇಕು. ಹತ್ತನೆಯದು ಅವರದೇ, ಕಥೆ ಅವರದು, ಕೊನೆಯೂ ಅವರದು. ಆ ಹತ್ತನೆಯ ಚಿತ್ರದ ಕೊನೆಗಾಗಿಯೇ ಅವರು ಒಂಬತ್ತು ಬಾರಿ ಕೃತಕ ಹಿಮದಲ್ಲಿ ಮುಳುಗಿ ಎದ್ದರು. ಅದರ ಕೊನೆಯಲ್ಲಿ ಸಂಗೀತವಿರುವುದಿಲ್ಲವೆಂದು ಮೊದಲನೆಯ ವರ್ಷವೇ ನನಗೆ ಹೇಳಿಟ್ಟಿದ್ದರು.

ಅವರು ನಿರ್ದೇಶಿಸುತ್ತಿದ್ದ ಬಗೆಯನ್ನು ನಿಮಗೆ ಯಾವ ಕಾಲೇಜೂ ಕಲಿಸುವುದಿಲ್ಲ. ಕ್ಯಾಮೆರಾ ಓಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಟಿ ಅತ್ತಳೋ ನಕ್ಕಳೋ ನೋಡುತ್ತಿರಲಿಲ್ಲ. ಬಾಗಿಲು ಮುಚ್ಚಿದ ಸದ್ದಿಗೂ ಅವಳ ಮೊದಲ ಮಾತಿಗೂ ನಡುವಿನ ಅಂತರ ಸರಿಯಿದೆಯೇ ಎಂದು ಕೇಳುತ್ತಿದ್ದರು. ಸರಿಯಿದ್ದರೆ ದೃಶ್ಯ ಮುಗಿಯಿತು. ಹೀಗಾಗಿ ನಮ್ಮ ಚಿತ್ರಗಳಲ್ಲಿ ನಾಯಕನ ಮಫ್ಲರು ಕೆಂಪಿದ್ದದ್ದು ಬಾಗಿಲು ದಾಟುವಷ್ಟರಲ್ಲಿ ಹಸಿರಾಗುತ್ತಿತ್ತು. ವೀಕ್ಷಕರು ಯಾರೂ ದೂರಲಿಲ್ಲ. ಕ್ರಿಸ್‌ಮಸ್‌ಗೆ ಎರಡೂ ಹೊಂದುತ್ತವೆ.

ಈ ವೃತ್ತಿಯ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಯಾವುದೇ ಸ್ಥಳದಲ್ಲಿ ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು ಅರ್ಧ ನಿಮಿಷ ಅಲುಗದೆ ಇರಬೇಕು. ಆಗ ಆ ಜಾಗದ ಬರಿಯ ಸದ್ದನ್ನು, ಎಂದರೆ ದೀಪದ ಗುಂಯ್‌ಗುಡುವಿಕೆ, ಫ್ರಿಜ್ಜಿನ ಉಸಿರು, ಇವನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ಇದಕ್ಕೆ ರೂಮ್ ಟೋನ್ ಎಂದು ಹೆಸರು. ಸಂಭಾಷಣೆಯ ತುಂಡುಗಳ ನಡುವೆ ತೇಪೆ ಹಾಕಲು ಇದು ಬೇಕು. ಲೋಕದ ಎಲ್ಲ ಚಿತ್ರತಂಡಗಳೂ ಈ ಅರ್ಧ ನಿಮಿಷವನ್ನು ಹಲ್ಲು ಕಚ್ಚಿ ಸಹಿಸುತ್ತವೆ. ಮೊರ್ವಾಲ್ ಮಾತ್ರ ಇದಕ್ಕಾಗಿಯೇ ದಿನವಿಡೀ ಕಾಯುತ್ತಿದ್ದರು. ವಾದ್ಯವೃಂದದ ಮುಂದೆ ನಿಂತವರಂತೆ ಬಲಗೈ ಎತ್ತುತ್ತಿದ್ದರು. ಕೈ ಇಳಿಯುವವರೆಗೆ ಯಾರೂ ಸೀನುವಂತಿರಲಿಲ್ಲ. ಅನಂತರ ಧ್ವನಿಮುದ್ರಿಕೆಯ ಮೇಲೆ ತಮ್ಮ ಓರೆ ಅಕ್ಷರದಲ್ಲಿ "ಮೋಟೆಲ್ ಕಾರಿಡಾರ್, ಕೋಕ್ ಮೆಷಿನ್ ಸ್ವಲ್ಪ ಅಪಶ್ರುತಿ" ಎಂದು ಬರೆದಿಡುತ್ತಿದ್ದರು.

ಇನ್ನು ಪ್ರಮಾದಗಳು. ಕ್ರಿಸ್‌ಮಸ್ ಚಿತ್ರಗಳನ್ನು ಜುಲೈಯಲ್ಲಿ ತೆಗೆಯುತ್ತಾರೆ. ಜುಲೈಯಲ್ಲಿ ಜಾರ್ಜಿಯಾದ ಪ್ರತಿಯೊಂದು ಮರದಲ್ಲೂ ಜೀರುಂಡೆಗಳು ಕೂತು ಕಿರುಗುಟ್ಟುತ್ತವೆ. ಹಿಮ ಸುರಿಯುವ ಬೀದಿಯಲ್ಲಿ ಪ್ರೇಮಿಗಳು ಕೈಹಿಡಿದು ನಡೆಯುವಾಗ ಹಿನ್ನೆಲೆಯಲ್ಲಿ ನೂರು ಜೀರುಂಡೆ ಕೂಗಿದರೆ ವೀಕ್ಷಕರಿಗೆ ಹವಾಮಾನದ ಬಗ್ಗೆ ಅನುಮಾನ ಬರುತ್ತದೆ. ಈಗ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಜೀರುಂಡೆ ಮಾಯವಾಗುತ್ತದೆ. ನಮ್ಮ ಕಾಲದಲ್ಲಿ ಕೈಯಿಂದ ಒಂದೊಂದನ್ನೇ ಹೆಕ್ಕಬೇಕಿತ್ತು. ಎರಡನೆಯ ಚಿತ್ರದಲ್ಲಿ ಶುಭಾ ರಜೆಯಲ್ಲಿದ್ದಾಗ ಅವಳ ಪಾಲಿನ ಕೆಲಸವನ್ನೂ ನಾನೇ ವಹಿಸಿಕೊಂಡು, ಜೀರುಂಡೆಯ ಸದ್ದಿರುವ ಕೀರಲು ಶ್ರುತಿಗಳ ಪಟ್ಟಿಯನ್ನೇ ಒಟ್ಟಾರೆ ಕತ್ತರಿಸಿ ಹಾಕಿದೆ. ಮನುಷ್ಯರು "ಸ" ಎನ್ನುವುದೂ ಅದೇ ಪಟ್ಟಿಯಲ್ಲೇ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಶುಭಾ ಬಂದು ಕೇಳಿದಳು. "ಆಂಟಿ, ಹೀರೋಯಿನ್‌ಗೆ ಮುಂದಿನ ಹಲ್ಲು ಯಾವಾಗ ಬಿತ್ತು?"

"ಜೀರುಂಡಿ ಒಂದಾದರೂ ಕೇಳಿಸ್ತದೇನು, ಅದನ್ನ ಮೊದಲ ಹೇಳು."

"ಜೀರುಂಡೆ ಇಲ್ಲ. ಸಾಂತಾ ಕ್ಲಾಸೂ ಇಲ್ಲ. ಆಂತಾ ಕ್ಲಾ ಅಂತ ಯಾರೋ ಬಂದಿದಾರೆ."

ಮೊರ್ವಾಲ್‌ಗೆ ಕೇಳಿಸಿದಾಗ ಅವರು ಬೇಸರಪಡಲಿಲ್ಲ. ಜೀರುಂಡೆಗಳನ್ನೇ ಇಟ್ಟು ಹಿಮವನ್ನು ತೆಗೆಯಬಹುದೇ ಎಂದು ವಿಚಾರಿಸಿದರು.

ಬ್ರೆಂಡಾ ಕೆಟ್ಟವರಲ್ಲ. ಹನ್ನೊಂದು ವರ್ಷಗಳಲ್ಲಿ ಅವರು ನನ್ನ ಮೇಲೆ ಒಮ್ಮೆಯೂ ದನಿಯೇರಿಸಲಿಲ್ಲ. ಅದಕ್ಕೆ ಅವರು ನನ್ನ ಮಾತನ್ನು ಕೇಳಿಸಿಕೊಂಡಿರಬೇಕಾಗಿತ್ತು. ಅವರ ಒಂದು ಕಿವಿಯಲ್ಲಿ ಸದಾ ಫೋನು. ಚಿತ್ರವನ್ನು ಅವರು ಒಪ್ಪುತ್ತಿದ್ದುದು ಧ್ವನಿ ಮೀಟರನ್ನು ನೋಡಿ. ಪರದೆಯ ಕೆಳಗೆ ಹಸಿರು ಪಟ್ಟಿ ಕುಣಿಯುತ್ತಿದ್ದರೆ ಸಂತೋಷ. ಪಟ್ಟಿ ಮಲಗಿದರೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಇಲ್ಲಿ ಏನೋ ಬಿಟ್ಟುಹೋಗಿದೆ, ಪಿಟೀಲು ಹಾಕಿ" ಎನ್ನುತ್ತಿದ್ದರು. ಮೊರ್ವಾಲ್ ಎಲ್ಲೆಲ್ಲಿ ಸುಮ್ಮನಿರಿಸಿದ್ದರೋ ಅಲ್ಲೆಲ್ಲ ನಾನು ಪಿಟೀಲು ಹಾಕಿದೆ. ಅವರ ಒಂಬತ್ತು ಚಿತ್ರಗಳ ವಿರಾಮಗಳನ್ನೆಲ್ಲ ಮುಚ್ಚಿದವಳು ನಾನೇ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ, ಸಂಬಳ ಬಂದಿತ್ತು.

ಬ್ರೆಂಡಾಗೆ ದೇಶದ ರಾಜಧಾನಿಯ ಪಕ್ಕದ ಫೇರ್‌ಫ್ಯಾಕ್ಸಿನಲ್ಲಿ ಇನ್ನೊಂದು ಕಚೇರಿಯಿತ್ತು. ಅಲ್ಲಿ ಸರ್ಕಾರಿ ಇಲಾಖೆಗಳಿಗೆ ತಿಳಿವಳಿಕೆಯ ಚಿತ್ರಗಳನ್ನು ಮಾಡಿಕೊಡುತ್ತಿದ್ದರು. ಒಂದು ಇಲಾಖೆಗಾಗಿ, ಅರ್ಜಿಯೊಂದನ್ನು ತಪ್ಪಿಲ್ಲದೆ ತುಂಬುವುದು ಹೇಗೆಂಬ ನಾಲ್ಕು ನಿಮಿಷದ ಚಿತ್ರವನ್ನು ಮೊರ್ವಾಲ್ ಅವರೇ ತೆಗೆಯಬೇಕಾಯಿತು. ಕಾಗದದ ಮೇಲೆ ಪೆನ್ನು ಓಡುವ ಸದ್ದನ್ನು ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ. ನನಗೆ ಬಹಳ ಹಿಡಿಸಿತ್ತು. ಹನ್ನೊಂದು ಮಂದಿಯ ಸಮಿತಿ ಅದನ್ನು ನೋಡಿತು. ಸಂಗೀತ ಆಶಾದಾಯಕವಾಗಿರಬೇಕು, ಆದರೆ ಅರ್ಜಿ ಮಂಜೂರಾಗುತ್ತದೆಂಬ ಭರವಸೆ ಕೊಡಕೂಡದು ಎಂದು ಸಮಿತಿಯ ವಕೀಲರು ಬರೆದು ಕಳಿಸಿದರು. ಅಂಥ ಸಂಗೀತವನ್ನು ನಾನು ಹುಡುಕಿ ಕೊಟ್ಟೆ. ಹುಡುಕಿದರೆ ಸಿಗುತ್ತದೆ, ಬಹುಪಾಲು ಸಂಗೀತ ಅಂಥದ್ದೇ.

ಇಷ್ಟೆಲ್ಲ ನಡೆಯುವಾಗ ಸುಧಾರಣೆಯ ನನ್ನ ಉತ್ಸಾಹ ಏನಾಗಿತ್ತೆಂದು ನೀವು ಕೇಳಬೇಕು. ಅದು ಉರಿಯುತ್ತಲೇ ಇತ್ತು. ಉತ್ತರ ಕೆರೊಲಿನಾದ ಬೆಟ್ಟದೂರೊಂದರ ಹೋಟೆಲಿನಲ್ಲಿ ಚಿತ್ರೀಕರಣ ನಡೆದಾಗ, ಅಲ್ಲಿಯ ಅಡುಗೆಯಾಕೆ ಬಟ್ಟಲಿನಲ್ಲಿ ಮೊಟ್ಟೆ ಕಲಕುತ್ತಿದ್ದ ಲಯ ಮೊರ್ವಾಲ್‌ಗೆ ಹಿಡಿಸಿ, ಅದನ್ನು ಧ್ವನಿಮುದ್ರಿಸಿಕೊಂಡು ಒಂದು ಪ್ರೇಮದೃಶ್ಯದ ಕೆಳಗೆ ಇಟ್ಟರು. ಹಸಿರು ಪಟ್ಟಿ ಕುಣಿದದ್ದರಿಂದ ಬ್ರೆಂಡಾ ಬಿಟ್ಟರು. ಚಿತ್ರ ಟಿವಿಯಲ್ಲಿ ಬಂದ ಮರುದಿನ ಆ ಅಡುಗೆಯಾಕೆ ಫೋನು ಮಾಡಿ, "ಅದು ನನ್ನ ಮೊಟ್ಟೆ. ಕೊನೆಯಲ್ಲಿ ಅಷ್ಟೊಂದು ಹೆಸರು ಓಡಿದವು, ನನ್ನದು ಎಲ್ಲಿ?" ಎಂದು ಕೇಳಿದರು. ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ವಾರವೇ ಧ್ವನಿ ವಿಭಾಗಕ್ಕೆ ಹತ್ತು ನಿಯಮಗಳ ಒಂದು ಸಂಹಿತೆ ಬರೆದೆ.

ಅವುಗಳಲ್ಲಿ ಎರಡನ್ನು ನೀವು ನೆನಪಿಟ್ಟುಕೊಂಡರೆ ಸಾಕು. ಮೂರನೆಯ ನಿಯಮ: ಊಟದ ವಿರಾಮವನ್ನು ಯಾವ ಕಾರಣಕ್ಕೂ ಒಂದು ನಿಮಿಷವೂ ತಡಮಾಡತಕ್ಕದ್ದಲ್ಲ; ಅದಕ್ಕೆ ಮುಂಚೆ ನಮ್ಮ ತಂಡದವರು ಸಂಜೆ ನಾಲ್ಕಕ್ಕೆ ಊಟ ಮಾಡಿದ ದಿನಗಳಿದ್ದವು. ನಾಲ್ಕನೆಯ ನಿಯಮ: ನಿರ್ದೇಶಕರು ಸಂಗೀತವಾಗಿ ಬಳಸಿದ ಪ್ರತಿಯೊಂದು ಸದ್ದನ್ನೂ, ಅದನ್ನು ಹೊರಡಿಸಿದವರ ಹೆಸರು ಮತ್ತು ಒಪ್ಪಿಗೆಯೊಡನೆ, ಕ್ಯೂ ಶೀಟಿನಲ್ಲಿ ಸಂಗೀತವೆಂದೇ ನಮೂದಿಸತಕ್ಕದ್ದು. ಕ್ಯೂ ಶೀಟ್ ಎಂದರೆ ಚಿತ್ರದಲ್ಲಿ ಯಾವ ಸಂಗೀತ ಎಷ್ಟು ಸೆಕೆಂಡು ಇದೆ, ಯಾರದು ಎಂಬ ಪಟ್ಟಿ. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳು ಅದರಿಂದಲೇ ಬರುತ್ತವೆ. ಬ್ರೆಂಡಾ ಫೋನಿನಲ್ಲಿ ಮಾತಾಡುತ್ತಲೇ ಸಂಹಿತೆಗೆ ಸಹಿ ಹಾಕಿದರು. ಆ ಸಹಿಯನ್ನು ನನ್ನ ವಾದಶಕ್ತಿಯ ಗೆಲುವೆಂದು ಭಾವಿಸಿ ಮನೆಯಲ್ಲಿ ಪಾಯಸ ಮಾಡಿದ್ದೆ.

ಒಂಬತ್ತನೆಯ ಕ್ರಿಸ್‌ಮಸ್ ಮುಗಿದು ಹತ್ತನೆಯ ಚಿತ್ರ ಬಂದಿತು. ಅದು ಉತ್ತರ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ ಶಾಲಾ ಬಸ್ಸು ಓಡಿಸುವ ಹೆಂಗಸಿನ ಕೆಲಸದ ಕೊನೆಯ ದಿನದ ಕಥೆ. ನಟಿಗೆ ಅಷ್ಟು ದೊಡ್ಡ ವಾಹನ ಓಡಿಸಲು ಬಾರದ ಕಾರಣ, ಆ ಊರಿನಲ್ಲೇ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದ ಲೊರೆಟಾ ಎಂಬವರನ್ನು ಕರೆತಂದರು. ಬಸ್ಸೂ ಅವರು ಓಡಿಸುತ್ತಿದ್ದದ್ದೇ. ಎಪ್ಪತ್ತರ ಹತ್ತಿರದ, ಅಗಲ ಭುಜದ ಹೆಂಗಸು. ನಮ್ಮ ತಂಡದವರನ್ನೆಲ್ಲ ಮಕ್ಕಳಂತೆ ಕಂಡು, ಸಾಲಾಗಿ ಹತ್ತಿಸಿ ಸಾಲಾಗಿ ಇಳಿಸುತ್ತಿದ್ದರು.

ಚಿತ್ರದ ಕೊನೆ ಹೀಗೆ. ಮಕ್ಕಳೆಲ್ಲ ಇಳಿದ ಮೇಲೆ ಆಕೆ ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ, ಕೀ ತಿರುಗಿಸಿ, ಇಳಿದು ಹೋಗುತ್ತಾಳೆ. ಕ್ಯಾಮೆರಾ ಖಾಲಿ ಬಸ್ಸಿನಲ್ಲೇ ಉಳಿಯುತ್ತದೆ. ಬಿಸಿಯಾಗಿದ್ದ ಎಂಜಿನ್ನು ತಣ್ಣಗಾಗುತ್ತ ಟಿಕ್ ಎನ್ನುತ್ತದೆ. ಮತ್ತೊಮ್ಮೆ ಟಿಕ್. ಮೊದಲು ಬಿಡುವಿಲ್ಲದೆ, ಬರಬರುತ್ತ ನಿಧಾನವಾಗಿ, ಆಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವಷ್ಟು ನಿಧಾನವಾಗಿ. ತೊಂಬತ್ತು ಸೆಕೆಂಡು. ಅಷ್ಟೇ.

ಆ ಸದ್ದನ್ನು ಧ್ವನಿಮುದ್ರಿಸಿದ ದಿನ ನಾನು ಅಲ್ಲಿದ್ದೆ. ಬಸ್ಸನ್ನು ಬೆಟ್ಟದ ರಸ್ತೆಯಲ್ಲಿ ಚೆನ್ನಾಗಿ ಓಡಿಸಿ ತಂದು ಲೊರೆಟಾ ಅವರೇ ಕೀ ತಿರುಗಿಸಿದರು. ಮೊರ್ವಾಲ್ ಕೈ ಎತ್ತಿದರು. ಮೂವತ್ತು ಮಂದಿ ಅಂಗಳದಲ್ಲಿ ಕಲ್ಲಾಗಿ ನಿಂತೆವು. ಅರ್ಧ ನಿಮಿಷವಾಯಿತು, ಕೈ ಇಳಿಯಲಿಲ್ಲ. ಒಂದು ನಿಮಿಷವಾಯಿತು. ನಾನು ಕೈಗಡಿಯಾರ ನೋಡಿದೆ. ಮೂರನೆಯ ನಿಯಮದ ಪ್ರಕಾರ ಊಟದ ವಿರಾಮಕ್ಕೆ ಅರ್ಧ ನಿಮಿಷವಿತ್ತು. ನಿಯಮ ಬರೆದವಳೇ ಅದನ್ನು ಮುರಿದರೆ ಹೇಗೆ? ಹೊತ್ತು ಸರಿಯಾದ ಕೂಡಲೇ ಗಡಿಯಾರವನ್ನು ಮೊರ್ವಾಲ್ ಎದುರಿಗೆ ಎತ್ತಿ ಹಿಡಿದೆ. ಅವರು ಕಣ್ಣು ತೆರೆದು, ನನ್ನನ್ನು ನೋಡಿ, ಕೈ ಇಳಿಸಿದರು. ತಂಡ ಊಟಕ್ಕೆ ನಡೆಯಿತು. ತೊಂಬತ್ತು ಸೆಕೆಂಡು ಆದದ್ದು ಹೀಗೆ.

ಬ್ರೆಂಡಾ ಆ ಕೊನೆಯನ್ನು ನೋಡಿದಾಗ ಹಸಿರು ಪಟ್ಟಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಗೆರೆ ಎದ್ದು ಬೀಳುತ್ತಿತ್ತು. "ಪಿಟೀಲು" ಎಂದರು.

"ಕೊನೆ ನನ್ನದೆಂದು ಒಪ್ಪಂದವಿದೆ," ಎಂದರು ಮೊರ್ವಾಲ್.

"ಕೊನೆ ನಿಮ್ಮದೇ. ಅದನ್ನು ಯಾರು ಮುಟ್ಟಿದರು? ಪಿಟೀಲು ಬರುವುದು ಅದರ ಮೇಲೆ."

ಮೊರ್ವಾಲ್ ಕುರ್ಚಿಗೆ ಒರಗಿದರು. ಅವರ ಮುಖ ನೋಡಿದೆ. ಒಂಬತ್ತು ಚಿತ್ರಗಳಲ್ಲಿ ಕಾಣದ ಒಂದು ಬಗೆಯ ಆಯಾಸ ಅಲ್ಲಿತ್ತು. ನನ್ನ ಚರ್ಚಾಪಟುತ್ವ ಎದ್ದು ನಿಂತಿತು. ಇದನ್ನು ಪ್ರೇಕ್ಷಕರ ಮುಂದಿಟ್ಟು ನಿರ್ಧರಿಸೋಣ, ಎರಡು ಕೊನೆಗಳನ್ನೂ ತೋರಿಸೋಣ, ಚೀಟಿ ಹಾಕಿಸೋಣ, ಬಹುಮತಕ್ಕೆ ಬದ್ಧರಾಗೋಣ ಎಂದು ನಾನೇ ಸೂಚಿಸಿದೆ. ಫೋನಿನಿಂದ ಕಿವಿ ತೆಗೆದು ಬ್ರೆಂಡಾ ನನ್ನ ಮಾತು ಕೇಳಿದ ಏಕೈಕ ಸಂದರ್ಭ ಅದು. ತಕ್ಷಣ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಪ್ರದರ್ಶನ ಫೇರ್‌ಫ್ಯಾಕ್ಸಿನ ಬಾಡಿಗೆಯ ಸಭಾಂಗಣದಲ್ಲಿ. ಪ್ರೇಕ್ಷಕರನ್ನು ಕೂಡಿಸುವ ಹೊಣೆಯನ್ನೂ ನಾನೇ ಕೇಳಿ ಪಡೆದೆ, ಮತ್ತು ಇಡೀ ವೃತ್ತಿಜೀವನದ ಅತಿ ದೊಡ್ಡ ತಪ್ಪನ್ನು ಮಾಡಿದೆ: ಸಭಾಂಗಣವನ್ನು ನಮ್ಮವರಿಂದ ತುಂಬಿಸಿದೆ. ನನ್ನ ತರ್ಕ ಸ್ಪಷ್ಟವಾಗಿತ್ತು. ಮುಕ್ಕಾಲು ಗಂಟೆ ಆಲಾಪನೆಯನ್ನು ಕೂತು ಕೇಳುವ ಜನ ತೊಂಬತ್ತು ಸೆಕೆಂಡಿನ ಟಿಕ್ ಟಿಕ್ ಕೇಳಲಾರರೇ? ಪಕ್ಕದ ಊರಾದ ಸ್ಟರ್ಲಿಂಗಿನಿಂದ, ಫೇರ್‌ಫ್ಯಾಕ್ಸಿನಿಂದ ಅರವತ್ತು ಮಂದಿ ಕನ್ನಡಿಗರು ಮಕ್ಕಳೊಡನೆ ಬಂದರು. ಚಿತ್ರದ ಬಳಿಕ ಬಿಸಿಬೇಳೆಭಾತು ಇದೆಯೆಂದು ಆಹ್ವಾನದಲ್ಲಿ ನಾನು ಬರೆದದ್ದು ಎರಡನೆಯ ತಪ್ಪು.

ಚಿತ್ರವನ್ನು ಅವರು ಶ್ರದ್ಧೆಯಿಂದ ನೋಡಿದರು. ಕೊನೆ ಬಂದಿತು. ಲೊರೆಟಾ ತಿರುಗಿಸಿದ ಕೀ, ಖಾಲಿ ಬಸ್ಸು, ಟಿಕ್.

ಹತ್ತನೆಯ ಸೆಕೆಂಡಿಗೆ ಮೂರನೆಯ ಸಾಲಿನಿಂದ ಒಂದು ದನಿ: "ಆಡಿಯೊ ಹೋಯ್ತು."

"ಪಿಕ್ಚರ್ ಬರ್ತಿದೆಯಲ್ಲ. ಕೇಬಲ್ ಲೂಸ್ ಇರ್ಬೇಕು."

"ಟಿಕ್ ಟಿಕ್ ಅಂತಿದೆ ಕೇಳಿ, ಪಕ್ಕಾ ಲೂಸ್ ಕನೆಕ್ಷನ್. ನಮ್ ಡೇಟಾ ಸೆಂಟರ್‌ನಲ್ಲೂ ಸೇಮ್ ಪ್ರಾಬ್ಲಂ ಆಗಿತ್ತು."

"ಅಮ್ಮಾ, ಈಸ್ ಇಟ್ ಓವರ್?"

"ಗೊತ್ತಿಲ್ಲ ಪುಟ್ಟಿ, ಬಸ್ ಇನ್ನೂ ಅಲ್ಲೇ ಇದೆ."

ಮೂವರು ಎಂಜಿನಿಯರುಗಳು ಎದ್ದರು. ಪ್ರತಿಯೊಬ್ಬರ ಕೈಯಲ್ಲೂ ಫೋನಿನ ಟಾರ್ಚು. ನಾನು ನಡುದಾರಿಯಲ್ಲಿ ಅಡ್ಡ ನಿಂತು ಪಿಸುಗುಟ್ಟಿದೆ. "ಕೂಡ್ರಿ ದಯಮಾಡಿ. ಸೌಂಡ್ ಸರಿ ಅದ. ಇದ ಕೊನೀ."

"ನೀವು ಟೆನ್ಷನ್ ತಗೋಬೇಡಿ ಆಂಟಿ. ನ್ಯೂ ಏನಲ್ಲ ಇದು ನಮ್ಗೆ. ಟೂ ಮಿನಿಟ್ಸ್ ಅಲ್ಲಿ ಫಿಕ್ಸ್ ಮಾಡ್ತೀವಿ."

ಅವರು ಧ್ವನಿಯಂತ್ರದ ಪ್ಲಗ್ಗು ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದರು. ಅಷ್ಟರಲ್ಲಿ ಪರದೆ ಕಪ್ಪಾಗಿ, ಮೊದಲೇ ಗೊತ್ತುಮಾಡಿದ್ದಂತೆ ಕೊನೆಯ ದೃಶ್ಯದ ಎರಡನೆಯ ರೂಪ ಆರಂಭವಾಯಿತು: ಅದೇ ಬಸ್ಸು, ಜೊತೆಗೆ ನಲವತ್ತು ಪಿಟೀಲುಗಳು. ಸಭೆ ಚಪ್ಪಾಳೆ ತಟ್ಟಿತು. ಮೂವರೂ ಕೈಯೆತ್ತಿ ಅದನ್ನು ಸ್ವೀಕರಿಸಿದರು. ಚೀಟಿಗಳಲ್ಲಿ ಎರಡನೆಯ ಕೊನೆಗೆ ಐವತ್ತೊಂಬತ್ತು ಮತ. ಉಳಿದ ಒಂದರಲ್ಲಿ "ನೆಕ್ಸ್ಟ್ ಟೈಮ್ ಮೊದಲೇ ಸ್ಪೀಕರ್ ಟೆಸ್ಟ್ ಮಾಡಿ" ಎಂದಿತ್ತು.

"ಮತದಾನ ಕೇಳಿದ್ದು ನೀವು," ಎಂದರು ಬ್ರೆಂಡಾ, ನಿಜವಾದ ಸಹಾನುಭೂತಿಯಿಂದ.

ನಾನು ಬಿಸಿಬೇಳೆಭಾತಿನ ಪಾತ್ರೆಯ ಹಿಂದೆ ತಲೆ ತಗ್ಗಿಸಿ ನಿಂತಿದ್ದೆ. ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಮೊರ್ವಾಲ್ ತಟ್ಟೆ ಹಿಡಿದು ಬಂದರು. "ಮದಾಮ್, ನೀವು ಗಮನಿಸಿದಿರಾ? ಮೂವರು ಎದ್ದು ಸದ್ದನ್ನು ಹುಡುಕಿಕೊಂಡು ಹೋದರು. ಒಂಬತ್ತು ಚಿತ್ರಗಳಲ್ಲಿ ಒಬ್ಬರಾದರೂ ಎದ್ದಿದ್ದರೇ?" ಎಂದರು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದೆಂದು ತಿಳಿದು ನನಗೆ ಇನ್ನಷ್ಟು ಸಂಕಟವಾಯಿತು. ಅವರು ಎರಡನೆಯ ಬಾರಿ ಬಡಿಸಿಕೊಂಡದ್ದು ಮಾತ್ರ ಸಮಾಧಾನಕ್ಕಲ್ಲ.

ನಾರ್‌ಕ್ರಾಸಿಗೆ ಮರಳಿದೆವು. ಪಿಟೀಲು ಹಾಕಿ ಒಂದು ವಾರದಲ್ಲಿ ಚಿತ್ರವನ್ನು ಕಳಿಸಬೇಕು. ಚಿತ್ರ ಕೊಂಡವರ ಬೇಡಿಕೆಗಳ ಪಟ್ಟಿಯನ್ನು ಬ್ರೆಂಡಾ ನನಗೆ ಕೊಟ್ಟಿದ್ದರು. ಅದರಲ್ಲಿ ಒಂದು ಸಾಲು: ಚಿತ್ರದ ಅಂತ್ಯದಲ್ಲಿ ಸಂಗೀತ ಇರತಕ್ಕದ್ದು, ಅದು ಕ್ಯೂ ಶೀಟಿನಲ್ಲಿ ನಮೂದಾಗಿರತಕ್ಕದ್ದು. ಪಿಟೀಲೆಂದು ಅಲ್ಲಿ ಎಲ್ಲೂ ಇರಲಿಲ್ಲ.

ಶುಭಾ ಆ ಸಾಲನ್ನು ಎರಡು ಸಲ ಓದಿದಳು. "ಆಂಟಿ, ನಿಮ್ ಫೋರ್ತ್ ರೂಲ್ ಏನು?"

"ಯಾಕ, ಈಗ ಅದರದೇನು?"

"ಡೈರೆಕ್ಟ್ರು ಮ್ಯೂಸಿಕ್ ಅಂತ ಯೂಸ್ ಮಾಡಿದ ಸೌಂಡೆಲ್ಲ ಕ್ಯೂ ಶೀಟಲ್ಲಿ ಮ್ಯೂಸಿಕ್ ಅಂತಾನೇ ಬರ್ಬೇಕು. ಬ್ರೆಂಡಾ ಸೈನ್ ಮಾಡಿದಾರೆ. ಬಸ್ ಸೌಂಡನ್ನ ಡೈರೆಕ್ಟ್ರು ಏನಂತ ಯೂಸ್ ಮಾಡಿದಾರೆ, ಕೇಳಿ."

"ಬ್ರೆಂಡಾಗ ಗೊತ್ತಿಲ್ಲಧಂಗ ಮಾಡೂದು ಮೋಸ ಅಲ್ಲೇನು?"

"ಗೊತ್ತಿಲ್ದೇ ಯಾಕೆ? ಎಲ್ಲಾ ಬರ್ದು ಕಳ್ಸಿ. ನೀವು ಬರ್ಯೋ ಥರಾನೇ ಬರೀರಿ."

ನಾನು ಬರೆಯುವ ಥರವೇ ಬರೆದೆ. ಮೂರು ಪುಟ. ಅಂತ್ಯದ ಸಂಗೀತವಾಗಿ ಶಾಲಾ ಬಸ್ಸಿನ ತೊಂಬತ್ತು ಸೆಕೆಂಡನ್ನೇ ಇಡುತ್ತಿದ್ದೇವೆ, ಪಿಟೀಲು ಇರುವುದಿಲ್ಲ, ಇದಕ್ಕೆ ನಾಲ್ಕನೆಯ ನಿಯಮದ ಆಧಾರವಿದೆ, ಪ್ರದರ್ಶನದಲ್ಲಿ ಬಂದ ಮತದ ಅರಿವು ನಮಗಿದೆ, ಆಕ್ಷೇಪಣೆಯಿದ್ದರೆ ತಿಳಿಸಬೇಕು. ವಿಷಯದ ಪರವಾಗಿ ಒಂದೂವರೆ ಪುಟ, ವಿರೋಧವಾಗಿ ಒಂದೂವರೆ ಪುಟ. ಒಂದಕ್ಷರ ಸುಳ್ಳಿರಲಿಲ್ಲ. ಐದು ನಿಮಿಷದಲ್ಲಿ ಉತ್ತರ ಬಂದಿತು: "ಅಪ್ರೂವ್ಡ್." ಮೂರು ಪುಟವನ್ನು ಐದು ನಿಮಿಷದಲ್ಲಿ ಓದಲು ಸಾಧ್ಯ. ನಾನು ಹಾಗೆಯೇ ನಂಬಲು ನಿರ್ಧರಿಸಿದೆ.

ಉಳಿದದ್ದು ವಾದಕರ ಹೆಸರು ಮತ್ತು ಒಪ್ಪಿಗೆ. ಮೊರ್ವಾಲ್ ತಮ್ಮ ಹೆಸರು ಹಾಕಲು ಒಪ್ಪಲಿಲ್ಲ. ತಾವು ಕೈ ಎತ್ತಿದವರು ಮಾತ್ರ ಎಂದರು. ಲೊರೆಟಾ ಅವರಿಗೆ ಫೋನು ಮಾಡಿದೆವು.

"ನಾನು ಏನು ನುಡಿಸಿದೆ ಅಂತ ಬರೆದಿದ್ದೀಯಮ್ಮಾ?" ಎಂದು ಕೇಳಿದರು.

"ಬಸ್ಸು."

"ನಾನು ಅದನ್ನು ನುಡಿಸಲಿಲ್ಲ ಕಣೇ. ಆಫ್ ಮಾಡಿದೆ, ಅಷ್ಟೆ."

ಮೊರ್ವಾಲ್ ಫೋನಿನತ್ತ ಬಗ್ಗಿ ಹೇಳಿದರು. "ಮದಾಮ್, ನಮ್ಮ ವಾದ್ಯವೃಂದದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ."

ಎರಡು ದಿನದಲ್ಲಿ ಒಪ್ಪಿಗೆಯ ಕಾಗದ ಬಂದಿತು.

ಚಿತ್ರವನ್ನು ಮೊದಲು ತೋರಿಸಿದ್ದು ಲೊರೆಟಾ ಅವರ ಊರಿನ ಶಾಲೆಯಲ್ಲಿ. ಬ್ರೆಂಡಾ ಬಂದಿದ್ದರು. ಆ ಬೆಟ್ಟಗಳ ನಡುವೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿ ಒಂದು ಇಡೀ ಚಿತ್ರಕ್ಕೆ ಅವರ ಎರಡು ಕಿವಿಯೂ ಬಿಡುವಾಗಿದ್ದವು. ಬಸ್ಸು ನಿಂತಿತು, ಕೀ ತಿರುಗಿತು. ಟಿಕ್. ಸಭೆಯಲ್ಲಿ ಯಾರೂ ಏಳಲಿಲ್ಲ. ಅಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಅದೇ ಬಸ್ಸಿನಲ್ಲಿ ಶಾಲೆಗೆ ಹೋದವರು. ಟಿಕ್‌ಗಳ ನಡುವಿನ ಅಂತರ ಹಿಗ್ಗುತ್ತ ಹೋದಂತೆ ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ಪರದೆ ಕಪ್ಪಾಗಿ ಹೆಸರುಗಳು ಬಂದವು. ಸಂಗೀತ ಎಂಬುದರ ಎದುರಿಗೆ ಲೊರೆಟಾ ಅವರ ಹೆಸರಿತ್ತು.

ಹೊರಗೆ ಬ್ರೆಂಡಾ ನನ್ನ ಹತ್ತಿರ ಬಂದರು. "ಕೊನೆಯ ಸಂಗೀತ ಚೆನ್ನಾಗಿದೆ. ಸರಳವಾಗಿದೆ. ಈ ಲೊರೆಟಾ ಮುಂದಿನ ಕ್ರಿಸ್‌ಮಸ್ ಚಿತ್ರಕ್ಕೆ ಬಿಡುವಾಗಿದ್ದಾರಾ, ವಿಚಾರಿಸಿ," ಎಂದರು. ಮೂರು ಪುಟ ಓದಿ ಕೇಳಿದರೋ ಓದದೆ ಕೇಳಿದರೋ ನನಗೆ ಇಂದಿಗೂ ತಿಳಿದಿಲ್ಲ. ಆ ವರ್ಷವೇ, ಎರಡು ಸಾವಿರದ ಹತ್ತೊಂಬತ್ತರಲ್ಲಿ, ನಾನು ನಿವೃತ್ತಳಾದೆ. ಮೊರ್ವಾಲ್ ತಮ್ಮ ಊರಿಗೆ ಹೊರಟುಹೋದರು.

ಈ ವೃತ್ತಿಗೆ ಬರುವವರಿಗೆ ನನ್ನ ಸಲಹೆ ಏನೆಂದು ಹೇಳಬೇಕು. ಊಟದ ವಿರಾಮದ ನಿಯಮವನ್ನು ಬಿಟ್ಟುಕೊಡಬೇಡಿ; ಅದಕ್ಕಾಗಿ ನಾವು ಜಗಳವಾಡಿದ್ದೇವೆ. ರೂಮ್ ಟೋನ್ ತೆಗೆಯುವಾಗ ಗಡಿಯಾರವನ್ನು ನೋಡಬೇಡಿ. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ತಿಳಿದದ್ದು ಆ ಸಂಜೆ, ಶಾಲೆಯ ಅಂಗಳದಲ್ಲಿ, ಲೊರೆಟಾ ನನ್ನ ಮತ್ತು ಮೊರ್ವಾಲ್ ಅವರ ಬಳಿಗೆ ಬಂದಾಗ. ಹೊಸ ಉಡುಪು ಹಾಕಿಕೊಂಡಿದ್ದರು. ಆಕೆ ಮೊರ್ವಾಲ್ ಅವರ ಕೈ ಕುಲುಕಿ, ಚಿತ್ರ ಹಿಡಿಸಿತೆಂದು ಹೇಳಿ, ಕೇಳಿದರು.

"ಕೊನೆಯಲ್ಲಿ ಅಷ್ಟು ಬೇಗ ಯಾಕೆ ನಿಲ್ಲಿಸಿದಿರಿ? ಅದು ಇನ್ನೂ ತಣ್ಣಗಾಗಿರಲಿಲ್ಲ. ಕಡೆಯದೊಂದು ಬಾಕಿ ಇತ್ತು. ಎಲ್ಲ ಮುಗಿಯಿತು ಅನ್ನುವಾಗ ಅದೊಂದು ಬರುತ್ತದೆ. ಮೂವತ್ತೊಂದು ವರ್ಷ ಅದನ್ನು ಕೇಳಿಸಿಕೊಂಡೇ ನಾನು ಬಸ್ಸಿನಿಂದ ಇಳಿಯುತ್ತಿದ್ದದ್ದು."

ನಾನು ಬಾಯಿ ತೆರೆದೆ. ಕೈ ತಾನಾಗಿಯೇ ಗಡಿಯಾರವನ್ನು ಮುಚ್ಚಿಕೊಂಡಿತು.

ಮೊರ್ವಾಲ್ ನನ್ನತ್ತ ನೋಡಲಿಲ್ಲ. "ತಪ್ಪು ನನ್ನದು, ಮದಾಮ್," ಎಂದರು ಅವರಿಗೆ. "ಹಸಿವಾಗಿತ್ತು."